ಎರಡನೇ ತಿಂಗಳ ಗುಟ್ಟು

ಸ್ನೇಹಿತರೇ, ಎರಡು ತಿಂಗಳ ಬಸುರಿಯಾದ ನನ್ನ ಕಿರಿಮಗಳನ್ನು ಇಂದು ಇಲ್ಲಿ ತಮಿಳುನಾಡಿನ ಧಾರಾಪುರಂನ ಆಸ್ಪತ್ರೆಗೆ ಕರೆದೊಯ್ಯಲು ಹೊರಟಾಗ ನನ್ನ ಅಕ್ಕ ಬಾಗಿಲಿಗೆ ಅಡ್ಡ ನಿಂತಳು.

“ಮೂರು ತಿಂಗ್ಳು ತುಂಬೋಗಂಟ ಯಾರ್ಗೂ ತಿಳೀಬಾರ್ದು, ತಂಬಿ. ಕಣ್ಣು ಬೀಳ್ತದೆ.”

“ದೊಡ್ಡವಳದ್ದೂ ಹಿಂಗೇ ಬಚ್ಚಿಟ್ವಿ, ಅಕ್ಕಾ. ಬಿ.ಪಿ. ಇದೆ ಅಂತ ತಿಳಿಯೋ ಹೊತ್ತಿಗೆ ಕೈಮೀರಿತ್ತು. ಇವಳನ್ನೂ ಕಳ್ಕೋಬೇಕಾ?”

ಅಕ್ಕ ಬಾಗಿಲು ಬಿಟ್ಟು ತಾನೂ ಕಾರು ಹತ್ತಿದಳು.

ರಕ್ತ, ಮೂತ್ರ, ಬಿ.ಪಿ. ಪರೀಕ್ಷೆಗಳಾದವು. ವೈದ್ಯೆ ಫೋಲಿಕ್ ಆಸಿಡ್ ಮಾತ್ರೆ ಬರೆದುಕೊಟ್ಟರು. ಬಳಿಕ ಸ್ಕ್ಯಾನ್ ಕೋಣೆಗೆ ನಮ್ಮನ್ನೂ ಕರೆದರು. ಪರದೆಯ ಬೂದು ಮಂಜಿನೊಳಗೆ ಅಕ್ಕಿಕಾಳಿನಷ್ಟು ಬೆಳಕು ಮಿಡಿಯುತ್ತಿತ್ತು. ನೋಡುತ್ತ ನಿಂತವನಿಗೆ ಎಲ್ಲಿದ್ದೇನೆಂಬುದೇ ಮರೆಯಿತು.

ಅಕ್ಕ ನನ್ನ ತೋಳು ಹಿಡಿದು ಪಿಸುಗುಟ್ಟಿದಳು: “ನೆಂಟ್ರಿಗೆ ಮಾತ್ರ ಹೇಳ್ಬೇಡ, ತಂಬಿ.”

ಒಪ್ಪಿದೆ. ಮನೆಯಲ್ಲಿ ಕನ್ನಡವನ್ನೇ ಆಡಿದರೂ ತಮಿಳು ಶಾಲೆಯಲ್ಲಿ ಕಲಿತ ನಮ್ಮ ನೆಂಟರಲ್ಲಿ ಅದನ್ನು ಓದಬಲ್ಲವರು ಒಬ್ಬರೂ ಇಲ್ಲ. ಆ ಧೈರ್ಯದಿಂದಲೇ ಇಲ್ಲಿ ಕನ್ನಡದಲ್ಲಿ ಬರೆದಿದ್ದೇನೆ.