ಎರಡು ಟ್ರೇಗಳ ಮೇಡಂ

ಅವರ ಕನ್ನಡಕದ ಎಡಗಡೆಯ ಕಡ್ಡಿಗೆ ಗಾಯಕ್ಕೆ ಅಂಟಿಸುವ ಬಿಳಿ ಟೇಪು ಸುತ್ತಿರುತ್ತಿತ್ತು. ಶುಕ್ರವಾರದ ಹೊತ್ತಿಗೆ ಅದು ಕೊಳೆಯಾಗುತ್ತಿತ್ತು, ಸೋಮವಾರ ಹೊಸದು ಬರುತ್ತಿತ್ತು. ಕನ್ನಡಕವನ್ನು ಎಚ್‌ಎಸ್‌ಎ ಕಾರ್ಡಿನಲ್ಲಿ ಕೊಳ್ಳಬಹುದು ಎಂದು ನಮಗೆಲ್ಲ ಹೇಳಿಕೊಟ್ಟವರು ತಮಗೊಂದು ಕೊಳ್ಳಲಿಲ್ಲ. ಲಕ್ವ ಹೊಡೆದು ಮನೆಯಲ್ಲಿದ್ದ ಗಂಡನ ಔಷಧಿಗೇ ಅವರ ಕಾರ್ಡು ಖಾಲಿಯಾಗುತ್ತಿತ್ತು.

ನಾನು ಈ ದೇಶಕ್ಕೆ ಬಂದ ಮೇಲೆ ಕ್ರ್ಯಾನ್‌ಬರಿ ಎಂಬ ಊರಿನ ಒಂದು ವೇರ್‌ಹೌಸಿನಲ್ಲಿ ಪ್ಯಾಕಿಂಗ್ ಕೆಲಸಕ್ಕಿದ್ದೆ. ಅವರು ಅಲ್ಲಿನ ಆಫೀಸಿನಲ್ಲಿ ಗುಮಾಸ್ತೆ, ಧಾರವಾಡದವರು. ಸಂಬಳದಿಂದ ತೆರಿಗೆಯಿಲ್ಲದೆ ಎತ್ತಿಟ್ಟು ವೈದ್ಯಕೀಯ ಖರ್ಚಿಗೆ ಮಾತ್ರ ಬಳಸಬೇಕಾದ ಹಣಕ್ಕೆ ಎಚ್‌ಎಸ್‌ಎ ಎಂಬ ಒಂದು ಕಾರ್ಡು ಕೊಡುತ್ತಾರೆ. ಆ ಕಾರ್ಡು ಹಂಚುವುದಷ್ಟೇ ಅವರ ಕೆಲಸ. ಯಾವುದು ಸಲ್ಲುತ್ತದೆ, ಯಾವುದು ಸಲ್ಲುವುದಿಲ್ಲ ಎಂದು ವಿವರಿಸಬಾರದೆಂದು ಮ್ಯಾನೇಜರ್ ಒಮ್ಮೆ ಎಚ್ಚರಿಸಿದ್ದನಂತೆ. ಇಂಗ್ಲಿಷ್ ಪುಸ್ತಿಕೆ ಹಿಡಿದು ನಾವು ಕಣ್ಣುಬಿಡುವುದನ್ನು ನೋಡಲಾರದೆ ಅವರು ವಿವರಿಸುತ್ತಿದ್ದರು.

ಪ್ರತಿ ಮಂಗಳವಾರ ಊಟದ ಕೋಣೆಯಲ್ಲಿ ಒಂದು ನೀಲಿ ಟ್ರೇ, ಒಂದು ಬಿಳಿ ಟ್ರೇ ಇಟ್ಟುಕೊಂಡು ಕೂರುತ್ತಿದ್ದರು. ಪಕ್ಕದ ಚೀಲದ ತುಂಬ ಖಾಲಿ ಡಬ್ಬಿಗಳು. ನಾವು ಒಂದೊಂದೇ ತೆಗೆದು, ಕಾರ್ಡಿಗೆ ಸಲ್ಲುವುದನ್ನು ನೀಲಿ ಟ್ರೇಗೆ, ಸಲ್ಲದ್ದನ್ನು ಬಿಳಿ ಟ್ರೇಗೆ ಹಾಕಬೇಕು. ಬ್ಯಾಂಡೇಜು, ತಲೆನೋವಿನ ಮಾತ್ರೆ, ಬಿಪಿ ನೋಡುವ ಯಂತ್ರ ನೀಲಿಗೆ. ಟೂತ್‌ಪೇಸ್ಟು, ಶಾಂಪೂ, ಸುಮ್ಮನೆ ನುಂಗುವ ವಿಟಮಿನ್ ಬಿಳಿಗೆ. ಬಿಸಿಲಿಗೆ ಹಚ್ಚುವ ಕ್ರೀಮು ನೀಲಿಗೆ, ಬೆಳ್ಳಗಾಗಲು ಹಚ್ಚುವ ಕ್ರೀಮು ಬಿಳಿಗೆ. ನಾನು ಚ್ಯವನಪ್ರಾಶದ ಡಬ್ಬಿಯನ್ನು ನೀಲಿ ಟ್ರೇಗೆ ಹಾಕಿದಾಗ ಟೇಬಲ್ಲಿಗೆ ಟೇಬಲ್ಲೇ ನಕ್ಕಿತು. ಮೇಡಂ ಹೇಳಿದರು: “ಕಾಕಾ, ಇದನ್ನ ತಿಂದು ಚ್ಯವನ ಋಷಿ ಹುಡುಗ ಆದ್ನಂತ. ನೀವೂ ಆಗ್ರಿ, ಬ್ಯಾಡ ಅನ್ನಂಗಿಲ್ಲ. ಆದ್ರ ನಿಮ್ಮ ಕಿಸೆದಾಗಿನ ರೊಕ್ಕದಾಗ ಆಗ್ರಿ.”

ಕಾಯಿಲೆಗೆ ಅವರ ಕಡೆ ಬ್ಯಾನಿ ಎನ್ನುತ್ತಾರೆ. “ಚಲೋ ಇರಬೇಕಂತ ತಗೊಳ್ಳೋದು ಬ್ಯಾರೆ, ಬ್ಯಾನಿ ಬಂತಂತ ತಗೊಳ್ಳೋದು ಬ್ಯಾರೆ” ಎಂಬುದು ಅವರ ಮಾತು. ಅಂಗಡಿಯ ಮೆಷಿನ್ನನ್ನು ನಂಬಬೇಡಿ ಎಂದೂ ಹೇಳುತ್ತಿದ್ದರು. ಮೆಷಿನ್ನು ಕಾರ್ಡಿನಲ್ಲಿ ಹಣವಿದೆಯೇ ಎಂದು ನೋಡುತ್ತದೆ, ನ್ಯಾಯವಿದೆಯೇ ಎಂದು ನೋಡುವುದಿಲ್ಲ. ಅದು ಕಾರ್ಡಿನವನ ತಲೆಯ ಮೇಲೆ.

ಆ ವರ್ಷ ನನ್ನ ಅಣ್ಣ ಮೈಸೂರಿನಿಂದ ವಿಸಿಟರ್ ವೀಸಾದಲ್ಲಿ ಬಂದು ನಮ್ಮಲ್ಲಿ ಆರು ತಿಂಗಳಿದ್ದ. ಅವನಿಗೆ ಕಿವಿ ಮಂದವಾಗಿತ್ತು. ಹೆಂಡತಿ, ನಾನು ಕೂಗಿ ಕೂಗಿ ಸೋತಿದ್ದೆವು. ಕಿವಿಯ ಮೆಷಿನ್ನು ನೀಲಿ ಟ್ರೇಯ ಸಾಮಾನು ಎಂದು ನನಗೆ ಗೊತ್ತಿತ್ತು. ಆದರೂ ಮೇಡಂ ಅವರನ್ನು ಕೇಳಿದೆ. ಅವರು ಆಗುವುದಿಲ್ಲ ಎಂದು ತಲೆಯಾಡಿಸಿದರು. “ಅಣ್ಣಾರ ಬ್ಯಾನಿ ಖರೆ ಅದ ಕಾಕಾ. ಆದ್ರ ಕಾರ್ಡು ನಿಮಗ, ಕಾಕೂಗ. ಊರಿಂದ ನೋಡಾಕ ಬಂದವ್ರಿಗೆ ಅಲ್ರಿ.” ಒಡಹುಟ್ಟಿದವನು ಅದು ಹೇಗೆ ಮನೆಯವನಲ್ಲ ಎಂದು ನನಗೆ ಸಿಟ್ಟು ಬಂತು. ಮುಂದಿನ ಶನಿವಾರ ಕಾರ್ಡು ಉಜ್ಜಿದೆ. ಅಂಗಡಿಯ ಮೆಷಿನ್ನು ಒಪ್ಪಿತು. ಅಣ್ಣನ ಕಿವಿ ತೆರೆಯಿತು.

ಜನವರಿಯಲ್ಲಿ ಆ ಕಾರ್ಡಿನ ಬ್ಯಾಂಕಿನಿಂದ ಒಂದು ಫಾರ್ಮು ಬಂತು. ನಾನು ಎಸ್‌ಎಸ್‌ಎಲ್‌ಸಿ ಓದಿದವನು. ಅದರಲ್ಲಿ ತೆರಿಗೆ ಇಲಾಖೆಯ ಹೆಸರು, ನನ್ನ ಹೆಸರು, ನಾನು ಖರ್ಚು ಮಾಡಿದ ಮೊತ್ತ ಇಷ್ಟು ಗೊತ್ತಾಯಿತು. ಸಿಕ್ಕಿಬಿದ್ದೆ, ಗ್ರೀನ್ ಕಾರ್ಡಿಗೂ ಕುತ್ತು ಬಂತು ಎಂದುಕೊಂಡೆ. ಆ ಕಾಗದವನ್ನು ಮೇಡಂ ಅವರ ಬಳಿ ಒಯ್ದಿದ್ದರೆ ಸಾಕಿತ್ತು. ಅವರ ಮಾತು ಮೀರಿದವನಿಗೆ ಮುಖವಿರಲಿಲ್ಲ, ಮ್ಯಾನೇಜರ್ ಹತ್ತಿರ ಹೋಗಿ ಅಣ್ಣನ ಕಿವಿಯ ಮೆಷಿನ್ನಿನ ವಿಷಯ ಹೇಳಿದೆ. ಅದನ್ನು ಈ ಕಾರ್ಡಿನಲ್ಲಿ ಕೊಳ್ಳಬಹುದೆಂದು ನಿನಗೆ ಯಾರು ಹೇಳಿದರು ಎಂದು ಅವನು ಕೇಳಿದ. ಕಾರ್ಡು ಕೊಡುವ ಮೇಡಂ ಎಂದೆ. ಬರೆದುಕೊಂಡ. ಸಹಿ ಹಾಕಿದೆ.

ಮುಂದಿನ ಮಂಗಳವಾರ ಊಟದ ಕೋಣೆಯಲ್ಲಿ ಟ್ರೇಗಳಿರಲಿಲ್ಲ. ಅವರು ಡಬ್ಬಿಗಳ ಚೀಲವನ್ನು ಕಾರಿನಲ್ಲಿಡುತ್ತಿದ್ದಾಗ ಪಾರ್ಕಿಂಗಿನಲ್ಲಿ ಎದುರಾದೆ. ಬೈಯಲಿಲ್ಲ. ನಿಜವಾಗಿಯೂ ಅನುಮಾನ ಬಂದವರ ಹಾಗೆ ಕೇಳಿದರು.

“ಕಾಕಾ, ನಾ ಹಂಗ ಹೇಳಿದ್ನೇನ್ರೀ?”

“ನೆನಪಿಲ್ಲ ಮೇಡಂ.”

ಅವರು ಕನ್ನಡಕ ತೆಗೆದು ಒರೆಸಿಕೊಂಡರು. ಇರಲಿ ಬಿಡ್ರಿ, ನಾನೇ ತಪ್ಪು ಹೇಳಿರಬೇಕು ಎಂದು ಕಾರು ಹತ್ತಿದರು.

ಮಾರ್ಚಿನಲ್ಲಿ ತೆರಿಗೆ ಲೆಕ್ಕ ಬರೆಯುವ ಹುಡುಗನಿಗೆ ಆ ಫಾರ್ಮು ತೋರಿಸಿದೆ. ಅವನು ತಿರುಗಿಸಿ ನೋಡಿ, “ಅಂಕಲ್, ಇದು ಕಾರ್ಡ್ ಯೂಸ್ ಮಾಡಿದ ಎಲ್ರಿಗೂ ಪ್ರತಿ ವರ್ಷ ಬರುತ್ತೆ” ಎಂದ. ಅಣ್ಣನ ಮೆಷಿನ್ನಿನ ಮೊತ್ತಕ್ಕೆ ತೆರಿಗೆ, ದಂಡ ಕಟ್ಟಿದರೆ ಮುಗಿಯಿತಂತೆ. ಕಟ್ಟಿದೆ, ಮುಗಿಯಿತು. ಯಾರೂ ನನ್ನನ್ನು ಹುಡುಕಿರಲಿಲ್ಲ. ಅವತ್ತೇ ಮ್ಯಾನೇಜರ್ ಹತ್ತಿರ ಹೋಗಿ ನನ್ನ ಹೇಳಿಕೆ ಸುಳ್ಳು ಎಂದಿದ್ದರೆ ಮೇಡಂ ಅವರನ್ನು ಮತ್ತೆ ಕೆಲಸಕ್ಕೆ ಕರೆಯುತ್ತಿದ್ದರೋ ಏನೋ. ನಾಳೆ ಹೋಗೋಣ ಎಂದುಕೊಂಡೆ. ನಿವೃತ್ತನಾಗುವವರೆಗೂ ನಾಳೆ ಎಂದುಕೊಂಡೇ ಇದ್ದೆ.

ಮೇಡಂ ಹಿಲ್ಸ್‌ಬರೋದ ಒಂದು ದಿನಸಿ ಅಂಗಡಿಯಲ್ಲಿ ಬಿಲ್ಲು ಹಾಕುವ ಕೆಲಸ ಹಿಡಿದರು. ಅಲ್ಲಿ ಇನ್ಶೂರೆನ್ಸ್ ಇರಲಿಲ್ಲ. ಹೋದ ಚಳಿಗಾಲದಲ್ಲಿ ತೀರಿಕೊಂಡರು. ಮಾತನಾಡಿಸಲು ಹೋದಾಗ ಗಂಡ ಗಾಲಿಕುರ್ಚಿಯಲ್ಲಿದ್ದರು. ತಿಂಗಳಿಂದ ಎದೆನೋವು ಎನ್ನುತ್ತಿದ್ದಳು, ಇನ್ಶೂರೆನ್ಸ್ ಇರೋ ಕೆಲಸ ಸಿಗಲಿ, ಆಮೇಲೆ ತೋರಿಸುತ್ತೇನೆ ಎಂದು ಮುಂದೂಡಿದಳು ಎಂದು ತೊದಲುತ್ತ ಹೇಳಿದರು. ನಿಮ್ಮನ್ನು ಬಹಳ ನೆನೆಯುತ್ತಿದ್ದಳು, ಚ್ಯವನಪ್ರಾಶದ ಕಾಕಾ ಅಂತ, ಎಂದೂ ಹೇಳಿದರು. ನಾನು ಬಾಳೆಹಣ್ಣು ಕೊಟ್ಟು, ಕೈಮುಗಿದು, ಎದ್ದುಬಂದೆ. ಅಲ್ಲಿಯೂ ಬಾಯಿ ಬಿಡಲಿಲ್ಲ.

ಯಾರಿಗಾದರೂ ಹೇಳಲೇಬೇಕೆನಿಸಿ ಅಣ್ಣನಿಗೆ ಫೋನ್ ಮಾಡಿದೆ. ಅವನ ಕಿವಿ ಈಗಲೂ ಚುರುಕಾಗಿದೆ, ಪಕ್ಕದ ಮನೆಯ ಕುಕ್ಕರ್ ಸೀಟಿಯನ್ನೂ ಎಣಿಸುತ್ತಾನೆ. ಮೆಷಿನ್ನು ಯಾವ ಕಾರ್ಡಿನಿಂದ ಬಂತು, ಯಾರ ಕೆಲಸ ಹೋಯಿತು, ಎಲ್ಲ ಹೇಳಿದೆ.

“ಏನಂದ್ಯೋ? ಸರಿಯಾಗಿ ಕೇಳಿಸ್ಲಿಲ್ಲ ಕಣೋ.”

ಕೇಳಿಸಿತ್ತು. ಅವನನ್ನು ದೂರುವ ಬಾಯಿ ನನಗಿಲ್ಲ. ಏನಿಲ್ಲ ಬಿಡು ಎಂದು ಫೋನಿಟ್ಟೆ.