ಬೆನ್ನಿಗೆ ಬೇಡ ಎಂದ ಸೂಜಿ

ಆರನೇ ಕ್ಲಾಸಿಗೆ ಸ್ಕೂಲು ಬಿಟ್ಟು, ಹಾಸನದ ಮಂಡಿಯಲ್ಲಿ ಆಲೂಗಡ್ಡೆ ಮೂಟೆ ಹೊತ್ತೇ ಸಾಲಗಾಮೆಯಲ್ಲಿ ಮನೆ ಕಟ್ಟಿದವನು ನಾನು. ಯಾರ ಮುಂದೆಯೂ ನಿಂತು ಕೇಳಿದವನಲ್ಲ.

ತೊಂಬತ್ತರ ದಶಕದ ಕೊನೆಯಲ್ಲಿ ಆರು ವರ್ಷದ ಮಗನಿಗೆ ತೊಡೆಸಂದಿನಲ್ಲಿ ಹರ್ನಿಯಾ ಆಯಿತು. ಹಾಸನದ ಆಸ್ಪತ್ರೆಗೆ ಸೇರಿಸಿದೆವು. ಆಪರೇಷನ್ನಿಗೆ ಮುಂಚೆ ಅರಿವಳಿಕೆ ಕೊಡುವ ಡಾಕ್ಟರಮ್ಮ ನನ್ನನ್ನು ಕರೆದರು.

"ಮಗೂನ ಮಲಗಿಸಿಯೇ ಮಾಡೋದು. ಎದ್ದಮೇಲೆ ನೋಯಬಾರದಲ್ಲ, ಅದಕ್ಕೆ ಇನ್ನೊಂದು ಇಂಜೆಕ್ಷನ್. ಬೆನ್ನಿನ ತುದೀಲಿ ಕೊಟ್ರೆ ಸೊಂಟದಿಂದ ಕೆಳಕ್ಕೆ ಒಂದಷ್ಟು ಹೊತ್ತು ಜೋಮು ಹಿಡಿಯುತ್ತೆ. ಇಲ್ಲಾಂದ್ರೆ ಸೊಂಟದ ಪಕ್ಕದಲ್ಲಿ, ಆ ಜಾಗದ ನರಕ್ಕೆ ಮಾತ್ರ ಕೊಡಬಹುದು. ಒಂದೊಂದ್ಸಲ ಅದು ಸರಿಯಾಗಿ ಹಿಡಿಯಲ್ಲ. ಬೆನ್ನಿಗೆ ಕೊಡೋಣ ಅಂತಿದೀನಿ."

"ಬೆನ್ನಿಗ್ ಬ್ಯಾಡಿ ಮೇಡಂ," ಅಂದೆ. ಬೆನ್ನಿಗೆ ಸೂಜಿ ಬಿದ್ದವನು ಮತ್ತೆ ಮೂಟೆ ಎತ್ತುವುದಿಲ್ಲ ಎನ್ನುವುದು ಮಂಡಿಯಲ್ಲಿ ನಾವೆಲ್ಲ ನಂಬಿದ್ದ ಮಾತು.

"ಹಾಗೇನೂ ಆಗಲ್ಲ. ಏನು ಭಯ ಹೇಳಿ, ಬಿಡಿಸಿ ಹೇಳ್ತೀನಿ."

ಕೇಳಿದರೆ ತಿಳಿಯದವನು ಎಂದು ಗೊತ್ತಾಗಿಬಿಡುತ್ತದಲ್ಲ. "ನಂಗೂ ತಿಳೀತದೆ. ಪಕ್ಕುಕ್ಕೇ ಕೊಡಿ," ಎಂದು ಸೈನ್ ಹಾಕಿದೆ.

ಪಕ್ಕದ ಮಂಚದಲ್ಲಿ ಅರಕಲಗೂಡಿನ ಹುಡುಗ. ಅದೇ ದಿನ, ಅದೇ ಆಪರೇಷನ್. ಅವನಿಗೆ ಬೆನ್ನಿಗೆ ಕೊಟ್ಟಿದ್ದರು. ಎಚ್ಚರವಾದಾಗ ಅವನ ಕಾಲು ಆಡುತ್ತಿರಲಿಲ್ಲ. ನನ್ನ ಮಗ ಆಗಿನ್ನೂ ಎದ್ದಿರಲಿಲ್ಲ.

"ನೋಡವ್ವಾ, ಕೇಳ್ದೆ ಕಾಣ್ದೆ ಸೈನ್ ಆಕುದ್ರೆ ಇಂಗೇಯ," ಅಂದೆ ಅವನ ತಾಯಿಗೆ. ಆಕೆ ಸೆರಗು ಬಾಯಿಗೊತ್ತಿಕೊಂಡು ಕೂತಳು. ಮಧ್ಯಾಹ್ನದ ಹೊತ್ತಿಗೆ ಆ ಹುಡುಗ ಕಾಲು ಆಡಿಸುತ್ತಾ ಬನ್ನು ತಿನ್ನುತ್ತಿದ್ದ.

ನನ್ನ ಮಗನಿಗೆ ಪಕ್ಕಕ್ಕೆ ಕೊಟ್ಟ ಸೂಜಿ ಹಿಡಿದಿರಲಿಲ್ಲ. ಎದ್ದ ಗಳಿಗೆಯಿಂದ ಮೊಣಕಾಲನ್ನು ಹೊಟ್ಟೆಗೆ ಎಳೆದುಕೊಂಡು ಚೀರುತ್ತಿದ್ದ. ಡಾಕ್ಟರಮ್ಮ ಬಂದು ನೋಡಿ, ನರ್ಸಿಗೆ ನೋವಿನ ಔಷಧಿ ಹೇಳಿ ಹೋದರು.

"ಈಗ ನಿನ್ ಮಗುನ್ ನೋಡ್ಕಳಪ್ಪ," ಎಂದಳು ಆ ಹುಡುಗನ ತಾಯಿ.

ಮಗ ಪಕ್ಕದ ಮಂಚ ನೋಡುತ್ತಾ ಬಿಕ್ಕಿದ. "ಅಪ್ಪಾ, ಅವುನ್ಗ್ಯಾಕೆ ನೋಯ್ತಿಲ್ಲ?"

ಹೆಂಡತಿ, ಆ ಹೆಂಗಸು, ನರ್ಸು, ಮೂವರೂ ನನ್ನನ್ನೇ ನೋಡುತ್ತಿದ್ದರು.

"ಅವ್ನು ಧೈರ್ಯಸ್ಥ ಕಣ್ಲಾ. ನೀನು ಪುಕ್ಲ. ತಡ್ಕಬೇಕು."

ಚೀರುವುದು ನಿಂತಿತು. ದುಪ್ಪಟಿಯ ಅಂಚನ್ನು ಬಾಯಿಗೆ ತುರುಕಿಕೊಂಡು ಆ ಕಡೆ ತಿರುಗಿ ಮಲಗಿದ. ಔಷಧಿ ಹತ್ತಿದ್ದು ಬಹಳ ತಡವಾಗಿ.

ಕೆಲವು ವರ್ಷದ ಮೇಲೆ ಇನ್ನೊಂದು ಕಡೆಗೂ ಹರ್ನಿಯಾ ಬಂತು. ಆಗಲೂ ಒಬ್ಬ ಡಾಕ್ಟರು ಅವೇ ಎರಡು ಸೂಜಿಗಳ ವಿಷಯ ಹೇಳತೊಡಗಿದರು. ನಾನು ಬಾಯಿ ತೆರೆಯುವ ಮುಂಚೆ ಮಗ ತಲೆ ಬಗ್ಗಿಸಿ ಹೇಳಿದ:

"ಯಾವ್ದಾದ್ರೂ ಕೊಡಿ ಸಾ. ನಂಗೆ ಎಲ್ಲಾರ್ಗಿಂತ ಜಾಸ್ತಿ ನೋಯ್ತದೆ. ನಾನು ಪುಕ್ಲ."

ಡಾಕ್ಟರು ನಕ್ಕು ನನ್ನತ್ತ ತಿರುಗಿದರು. "ಬೆನ್ನಿಗೇ ಕೊಡಿ," ಅಂದೆ. ಅಷ್ಟೇ ಅಂದೆ. ಮಿಕ್ಕಿದ್ದನ್ನು, ಆವತ್ತು ಅವನಿಗೆ ನೋವಾದದ್ದು ನಾನು ಆರಿಸಿದ ಸೂಜಿಯಿಂದ ಎನ್ನುವುದನ್ನು, ಅಂದು ಹೇಳಲಿಲ್ಲ, ಇಂದಿಗೂ ಹೇಳಿಲ್ಲ. ಈಗ ಹೇಳಿದರೂ ಅವನು ನಂಬುವುದಿಲ್ಲ.