ಮೂರು ಬೋರ್ಡು, ಒಂದೇ ಕೌದಿ

ಧುಪದಾಳದ ಹೊಳೆದಂಡೆಯಲ್ಲಿ ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಪಂಪ್‌ಸೆಟ್ಟಿನ ಮುಂದೆ ಕುಕ್ಕರಗಾಲಲ್ಲಿ ಕುಳಿತ ದಾಕ್ಷಾಯಿಣಿ, ಮೋಟರ್ ಚಾಲೂ ಮಾಡಲು ತಾವೇ ಮಾಡಿದ ಸ್ಟಾರ್ಟರ್ ಡಬ್ಬಿಗೆ ಕೊನೆಯ ಸ್ಕ್ರೂ ಬಿಗಿಯುತ್ತಿದ್ದಾರೆ. ತ್ರೀಫೇಸ್ ಕರೆಂಟ್ ಬಂದೊಡನೆ ಪರೀಕ್ಷೆ. ನೋಡಲು ಬಂದ ರೈತರೆಲ್ಲ ಮಾರು ದೂರವೇ ನಿಂತಿದ್ದಾರೆ. ಹೋದ ವರ್ಷದ ಹೊಗೆಯನ್ನು ಯಾರೂ ಮರೆತಿಲ್ಲವಲ್ಲ!

“ಇನ್ನೊಂದ ಸಲ ನೋಡೂಣು ಮಗಳ. ಮತ್ತ ಹೊಗಿ ಬಂತಂದ್ರ ನಾವು ಹೊರಗಿಂದ ಡಬ್ಬಿ ತರತೇವಿ, ನೀ ಬ್ಯಾಸರಾ ಮಾಡ್ಕೋಬ್ಯಾಡ,” ಎಂದು ಮೊದಲೇ ಹೇಳಿದ್ದಾರೆ ಗುರುಲಿಂಗಪ್ಪ. ದಂಡೆಯ ರೈತರಿಗೆಲ್ಲ ಹಿರಿಯರು, ಈ ಮೋಟರಿನ ಯಜಮಾನರು. ಇವರು ಬೇಡ ಅಂದರೆ ದಂಡೆಯಲ್ಲಿ ಬೇಕು ಅನ್ನುವವರಿಲ್ಲ.

ಹುಕ್ಕೇರಿ ತಾಲ್ಲೂಕಿನ ಕಣಗಲಾದ ದಾಕ್ಷಾಯಿಣಿ ಡಿಪ್ಲೊಮಾ ಮುಗಿಸಿ ಘಟಪ್ರಭಾದಲ್ಲಿ ರಿಪೇರಿ ಅಂಗಡಿ ಇಟ್ಟವರು. ಗೋಕಾಕ, ಮೂಡಲಗಿ ಕಡೆಯಿಂದೆಲ್ಲ ಸುಟ್ಟ ಸ್ಟಾರ್ಟರುಗಳು ಚೀಲ ತುಂಬಿ ಬರುತ್ತವೆ. “ಮಂದಿ ಮಾಡಿದ್ದನ್ನ ಎಷ್ಟಂತ ರಿಪೇರಿ ಮಾಡೂದ್ರಿ? ನಮ್ಮ ಕರೆಂಟಿನ ಆಟ ನಮಗ ಗೊತ್ತೈತಿ. ನಮ್ದ ಒಂದ ಡಬ್ಬಿ ಮಾಡೇ ಬಿಡೂಣಂತ ಹಠಾ ಹಿಡದೆ,” ಎನ್ನುತ್ತಾರೆ.

ವೋಲ್ಟೇಜ್ ಇಳಿದರೆ, ಮೂರರಲ್ಲೊಂದು ಫೇಸ್ ಹೋದರೆ, ಮೋಟರ್ ಸುಡುವ ಮೊದಲೇ ಡಬ್ಬಿ ತಾನೇ ಅದನ್ನು ನಿಲ್ಲಿಸಬೇಕು. ಅದಕ್ಕೆ ಮೂರು ಸರ್ಕ್ಯೂಟ್ ಬೋರ್ಡು. ಒಂದು ಕರೆಂಟಿನ ಭಾರ ಹೊರುವುದು, ಒಂದು ವೋಲ್ಟೇಜ್ ಅಳೆಯುವುದು, ಮತ್ತೊಂದು ಮುಚ್ಚಳದ ಒಳಗೆ ಕೂತು ದೀಪ, ಬಟನ್ ನೋಡಿಕೊಳ್ಳುವುದು. ಹೋದ ವರ್ಷ ಮೂರನ್ನೂ ಬೇರೆ ಬೇರೆಯಾಗಿ ಕಂಪ್ಯೂಟರಿನಲ್ಲಿ ನಕ್ಷೆ ಬಿಡಿಸಿದ್ದರು. ಒಂದೊಂದನ್ನೇ ನೋಡಿದರೆ ಎಲ್ಲವೂ ಅಪರಂಜಿ. ಆದರೆ ಮುಚ್ಚಳ ಹಾಕಿದಾಗ ಮೇಲಿನ ಬೋರ್ಡು ಕೆಳಗಿನದಕ್ಕೆ ಮುಖ ಕೊಡುತ್ತದೆ. ಎದುರುಬದುರು ನಿಂತವರಲ್ಲಿ ಒಬ್ಬರ ಎಡ ಇನ್ನೊಬ್ಬರ ಬಲ ತಾನೇ? ಎಡದ ಪಿನ್ನು ಹೋಗಿ ಬಲದ ಪಿನ್ನಿಗೆ ಸೇರಿತು. ಊರ ಮಂದಿಯ ಮುಂದೆ ಬುಸ್ಸೆಂದು ಹೊಗೆ!

ಆಮೇಲೆ ಕೆಲವು ದಿನ ಅವರು ಅಂಗಡಿಯ ಬಾಗಿಲನ್ನೇ ತೆರೆಯಲಿಲ್ಲ. ಮನೆಯಲ್ಲಿ ತಾಯಿ ಲಕ್ಕವ್ವ ಕೌದಿ ಹೊಲಿಯುತ್ತಿದ್ದರು. ಹಳೆಯ ಸೀರೆಯ ತುಂಡುಗಳನ್ನೆಲ್ಲ ನೆಲದ ಮೇಲೆ ಒಟ್ಟಿಗೆ ಹಾಸಿ, ಮಡಚಿ, ಹೊರಳಿಸಿ ನೋಡಿದ ಮೇಲೆಯೇ ಸೂಜಿ ಮುಟ್ಟುವುದು ಅವರ ಪದ್ಧತಿ. ಬಾಲ್ಯದಿಂದ ಕಂಡದ್ದೇ, ಅವತ್ತು ಮಗಳ ಕಣ್ಣಿಗೆ ಬೇರೆಯಾಗಿ ಬಿತ್ತು. “ಒಂದೊಂದ ತುಂಡಾ ಛಂದ ಹೊಲದಿದ್ದೆ, ಕೌದೀನ ನೋಡಿದ್ದಿಲ್ರಿ,” ಎಂದು ತಮ್ಮ ಬೋರ್ಡುಗಳ ಬಗ್ಗೆ ಹೇಳುತ್ತಾರೆ ದಾಕ್ಷಾಯಿಣಿ.

ಈ ಸಲ ಮೂರು ಬೋರ್ಡೂ ಒಂದೇ ಪ್ರಾಜೆಕ್ಟಿನಲ್ಲಿ, ಒಂದರ ಪಕ್ಕ ಒಂದು. ಒಂದು ತಂತಿಗೆ ಮೂರೂ ಕಡೆ ಒಂದೇ ಹೆಸರು. ಬೋರ್ಡು ತಯಾರಿಸಲು ಕೊಡುವ ಮುನ್ನ ನಕ್ಷೆಗಳನ್ನು ರಟ್ಟಿಗೆ ಅಂಟಿಸಿ, ಕತ್ತರಿಸಿ, ತಾಯಿಯ ಕೌದಿಯ ಪಕ್ಕದಲ್ಲೇ ಹಾಸಿ, ಮುಚ್ಚಳದಂತೆ ಮಡಚಿ ಮಡಚಿ, ಪಿನ್ನಿಗೆ ಪಿನ್ನು ಸರಿಯಾಗಿ ಕೂಡುತ್ತದೆಯೇ ಎಂದು ನೋಡಿದ್ದಾರೆ. “ಕೌದಿ ಉಪಾಸ ಇರಬಾರ್ದಂತ ಕಡೀ ಮೂಲಿಗೆ ರೊಟ್ಟಿ ಚೂರು ಇಟ್ಟ ಹೊಲಿತೇನಿ. ನಿನ್ನ ಡಬ್ಬಿಗೂ ಒಂದ ಚೂರು ಇಡ್ಲೇನ?” ಎಂದು ಲಕ್ಕವ್ವ ಕಾಡಿದ್ದೂ ಉಂಟು.

ಕರೆಂಟ್ ಬಂತು! ದಾಕ್ಷಾಯಿಣಿ ಉಸಿರು ಬಿಗಿಹಿಡಿದು ಬಟನ್ ಒತ್ತುತ್ತಾರೆ. ಹಸಿರು ದೀಪ. ಮೋಟರ್ ಗುಂಯ್‌ಗುಡುತ್ತದೆ. ಪೈಪು ಒಮ್ಮೆ ಕೆಮ್ಮಿ, ಭೋರೆಂದು ನೀರು ಉಗುಳುತ್ತದೆ. ದೂರ ನಿಂತವರ ಕಾಲುಗಳು ತಾವಾಗಿಯೇ ಮುಂದೆ ಬರುತ್ತವೆ. ಆದರೆ ಗುರುಲಿಂಗಪ್ಪ ಅಷ್ಟಕ್ಕೆ ಬಿಡುವ ಆಸಾಮಿಯೇ? ಸರಕ್ಕನೆ ಒಂದು ಫೇಸಿನ ಫ್ಯೂಜು ಕಿತ್ತೇಬಿಡುತ್ತಾರೆ. ಟಕ್! ಡಬ್ಬಿ ಮೋಟರನ್ನು ನಿಲ್ಲಿಸುತ್ತದೆ. ಹೊಗೆಯಿಲ್ಲ, ವಾಸನೆಯಿಲ್ಲ. ಫ್ಯೂಜು ಮರಳಿ ಹಾಕಿದರೆ ಮತ್ತೆ ನೀರು.

“ಗೆದ್ದಿ ಬಿಡವ್ವಾ!” ಎನ್ನುತ್ತಾರೆ ಗುರುಲಿಂಗಪ್ಪ. “ದಂಡಿ ಮ್ಯಾಗಿನ ಮೋಟರಿಗೆಲ್ಲಾ ಇದನ್ನ ಹಚ್ಚೂಣು.” ಸಿಳ್ಳೆ, ಚಪ್ಪಾಳೆ. ದಾಕ್ಷಾಯಿಣಿಯ ಕಣ್ಣಲ್ಲಿ ನೀರು, ತುಟಿಯಲ್ಲಿ ತಡೆಯಲಾಗದ ನಗು.

ಮುಚ್ಚಳ ತೆರೆದು ತೋರಿಸುತ್ತಾರೆ. ಬೋರ್ಡಿನ ಮೇಲೆ ಬಿಳಿ ಅಕ್ಷರಗಳು ತುಂಬಿವೆ, ಒಂದು ಮೂಲೆ ಮಾತ್ರ ಖಾಲಿ. ಅದೇಕೆ ಎಂದರೆ, ಸೆರಗಿನಿಂದ ಕಣ್ಣೊರೆಸಿಕೊಂಡು ಹೇಳುತ್ತಾರೆ:

“ನೀರ ಬರೂತನಕ ನನ್ನ ಹೆಸರ ಹಾಕಬಾರ್ದಂತ ಬಿಟ್ಟಿದ್ದೆ. ಮುಂದಿನ ಬೋರ್ಡಿಗೆ ಹಾಕ್ತೇನ್ರಿ.”